ಕೈಗಡ ಹೋದ ಅಜ್ಜ

“ಈ ಸಲ ಯಾರು ಬಂದಾರೋ ಏನೋ?”

ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಇದನ್ನು ಕೇಳಿದ್ದು ನನ್ನನ್ನಲ್ಲ, ಅಜ್ಜನನ್ನೂ ಅಲ್ಲ. ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ನಮ್ಮ ಊರಿನ ಎಲ್ಲ ಹಿತ್ತಲುಗಳಲ್ಲೂ ಯಾರಾದರೊಬ್ಬರು ಹೀಗೆ ಗಾಳಿಯನ್ನು ಕೇಳುತ್ತಾರೆ. ಕಾಲುವೆಯ ಮೇಲೆ ಮಂಜು ದಟ್ಟವಾಗಿತ್ತು. ಅದು ನಿಧಾನವಾಗಿ ಕರಗಿದಾಗ, ನಿನ್ನೆಯವರೆಗೆ ಆಚೆ ದಡದಲ್ಲಿದ್ದ ನೀಲಿ ಗೋಪುರಗಳ ದೇಶ ಇರಲಿಲ್ಲ. ಅದರ ಜಾಗದಲ್ಲಿ ತಗ್ಗು ಮಾಡಿನ ಮನೆಗಳು, ಪ್ರತಿ ಮನೆಯ ಮುಂದೆ ಒಂದು ಉದ್ದನೆಯ ಬೆಂಚು, ಬೆಂಚಿನ ಮೇಲೆ ಸಾಲಾಗಿ ಕುಳಿತ ಜನ. ಅವರು ಏನೂ ಮಾಡುತ್ತಿರಲಿಲ್ಲ. ನಮ್ಮ ಊರಿನ ಕೋಳಿ ಕೂಗುವುದನ್ನು, ಕೊಡಗಳ ಸದ್ದನ್ನು, ಗಂಡ ಹೆಂಡಿರ ಜಗಳವನ್ನು ಕಣ್ಣರಳಿಸಿ ಕೇಳುತ್ತ ಕುಳಿತಿದ್ದರು.

“ಪರವಾಗಿಲ್ಲ, ಮನಶ್ಯಾರ ಅದಾರ,” ಎಂದು ಅವ್ವ ಒಲೆಯ ಕಡೆ ಹೋದಳು. ಕೆಲವು ವರ್ಷಗಳ ಹಿಂದೆ ಬರೀ ಆಡುಗಳ ದೇಶ ಬಂದಿತ್ತು. ಅವುಗಳ ಜೊತೆ ಒಪ್ಪಂದ ಮಾಡಿಕೊಳ್ಳುವಷ್ಟರಲ್ಲಿ ನಮ್ಮ ರಾಯಭಾರಿಯ ಅರ್ಧ ಕೋಟು ಹೋಗಿತ್ತು.

ಕಾಲುವೆಯ ಆಚೆ ವರ್ಷಕ್ಕೊಂದು ದೇಶ ಇರುವುದರಿಂದ ನಮ್ಮ ಊರಿನ ಮನೆಗಳಲ್ಲಿ ತರಾವರಿ ಸಾಮಾನುಗಳಿವೆ. ನಮ್ಮ ಮನೆಯಲ್ಲೇ ಹದಿಮೂರು ಗಂಟೆಯ ಗಡಿಯಾರವೊಂದಿದೆ. ಆ ಹೆಚ್ಚಿನ ಒಂದು ಗಂಟೆಯಲ್ಲಿ ಅವ್ವ ನಿದ್ದೆ ಮಾಡುತ್ತಾಳೆ. ಆಚೆ ಹೋಗಿ ಹೊತ್ತಿಗೆ ಸರಿಯಾಗಿ ಮರಳದವರು ಆ ದೇಶದ ಜೊತೆಗೇ ಹೋಗಿಬಿಡುತ್ತಾರೆ. ಅಂಥವರ ಹೆಸರನ್ನು ನಮ್ಮ ಮಠದಲ್ಲಿ ಸೋಮವಾರದ ಮಂಗಳಾರತಿಯ ಹೊತ್ತಿಗೆ ಒಂದೊಂದಾಗಿ ಹೇಳುತ್ತಾರೆ. ಸತ್ತವರ ಹೆಸರಿನ ಹಾಗಲ್ಲ, ಊಟಕ್ಕೆ ಕರೆಯುವ ಹಾಗೆ.

ಇಂಥ ಊರಿಗೆ ರಾಯಭಾರಿಗಳು ಬೇಕೇ ಬೇಕಲ್ಲ. ಅದಕ್ಕೇ ನೆರೆದೇಶಗಳ ಹೆಸರಿನಲ್ಲಿ ಒಂದು ನೆರೆ ಫೆಲೋಶಿಪ್ ಇದೆ. ಎಂ.ಎ. ಮುಗಿಸಿದ ಯಾರಾದರೂ ಅರ್ಜಿ ಹಾಕಬಹುದು. ಆರಿಸಿದ ಇಬ್ಬರಿಗೆ ಗುಡ್ಡದ ಮೇಲಿನ ಹಾಸ್ಟೆಲಿನಲ್ಲಿ ಒಂದು ವರ್ಷ ತರಬೇತಿ, ಊಟ, ಖರ್ಚಿಗೆ ತಿಂಗಳ ವೇತನ. ಮರುವರ್ಷ ಆಚೆ ದಡದಲ್ಲಿ ಸೇವೆ. ಅದನ್ನು ಚೆನ್ನಾಗಿ ಮುಗಿಸಿದರೆ ಕಾಯಂ ನೌಕರಿ. ತರಬೇತಿಯಲ್ಲಿ ನಮಗೆ ಕಲಿಸುವುದು ಹಿಂದೆ ಬಂದುಹೋದ ದೇಶಗಳ ರೀತಿ ರಿವಾಜು. ಯಾವ ದೇಶದಲ್ಲಿ ಮೂರು ಸಲ ಸೀನಿದರೆ ನಮಸ್ಕಾರ, ಯಾವ ದೇಶದಲ್ಲಿ ಟೊಪ್ಪಿಗೆಯನ್ನು ಮಂಡಿಗೆ ಹಾಕಿಕೊಂಡು ಊಟಕ್ಕೆ ಕೂಡಬೇಕು, ಇಂಥವು. ಹೋದ ದೇಶ ಎಂದೂ ಮರಳಿ ಬಂದಿಲ್ಲ. ಸಿಲೆಬಸ್ ಬದಲಾಯಿಸಲು ಸಮಿತಿ ಕೂಡಬೇಕು, ಸಮಿತಿಯ ಅಧ್ಯಕ್ಷರು ಟೊಪ್ಪಿಗೆಯ ದೇಶದ ಜೊತೆ ಹೋಗಿಬಿಟ್ಟಿದ್ದಾರೆ. ಹಾಗಾಗಿ ಎಲ್ಲರೂ ಅದನ್ನೇ ಓದಿ ಪಾಸಾಗುತ್ತಾರೆ.

ನನ್ನ ಜೊತೆ ಆಯ್ಕೆಯಾದವನು ದಸ್ತಗೀರ. ಅವನನ್ನು ಆರಿಸಿದ್ದು ಮಾತಿಗಾಗಿ. ಸಂದರ್ಶನದ ಕೋಣೆಯಲ್ಲಿ ಅವನು ಮಾತಾಡಿದ ರಭಸಕ್ಕೆ ಸದಸ್ಯರೊಬ್ಬರು ತಮ್ಮ ಮಗಳ ಮದುವೆಗೆ ಅವನನ್ನು ಕರೆದರಂತೆ. ನಾನು ಒಳಗೆ ಹೋಗಿ ಕುಳಿತೆ. ನಿರ್ದೇಶಕಿ ಅಂಬಾಬಾಯಿ ಮೇಡಂ, “ನಿನ್ನ ಬಗ್ಗೆ ಹೇಳವಾ ನೀಲಗಂಗಾ,” ಅಂದರು. ಎಲ್ಲಿಂದ ಶುರು ಮಾಡಲಿ ಎಂದು ನಾನು ಯೋಚಿಸುತ್ತಿದ್ದಾಗ ಅವರೇ ತಮ್ಮ ಮಂಡಿನೋವಿನ ಬಗ್ಗೆ ಹೇಳತೊಡಗಿದರು. ಆಮೇಲೆ ಪಕ್ಕದವರು ತಮ್ಮ ಅಳಿಯನ ಬಗ್ಗೆ ಹೇಳಿದರು. ಎಲ್ಲರೂ ಮನಸ್ಸು ಹಗುರ ಮಾಡಿಕೊಂಡು ಚಹಾ ತರಿಸಿದರು, ನಾನು ಆಯ್ಕೆಯಾದೆ.

ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ನಾನು ನಮ್ಮ ಅಜ್ಜ ಚನ್ನಮಲ್ಲಯ್ಯನ ಮುಂದೆ ಕುಳಿತು ಬೆಳೆದವಳು. ಅಜ್ಜ ಸಂಜೆಯ ಲಿಂಗಪೂಜೆ ಮುಗಿಸಿ, ಹಣೆಗೆ ಹೊಸದಾಗಿ ವಿಭೂತಿ ಧರಿಸಿ, ಮಠದ ಕಟ್ಟೆಯ ಮೇಲೆ ಕೂತು ಪುರಾಣ ಹೇಳುತ್ತಿದ್ದ. ಪುಸ್ತಕ ಮುಟ್ಟುತ್ತಿರಲಿಲ್ಲ. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಪದ್ಯ ಎಲ್ಲಿ ಏರುತ್ತದೆ, ಎಲ್ಲಿ ಅಜ್ಜನ ಉಸಿರು ಮುಗಿದು ಹೊಸ ಉಸಿರು ಬರುತ್ತದೆ, ದೇವರೇ ದೂತನಾಗಿ ಶತ್ರುವಿನ ಸಭೆಗೆ ಹೋಗುವ ಕಡೆ ಅವನ ದನಿ ಹೇಗೆ ಅರ್ಧ ನಗುತ್ತದೆ, ಇವು ನನಗೆ ಅಕ್ಷರಕ್ಕಿಂತ ಮೊದಲು ಗೊತ್ತಾದವು. “ಆ ಸಂಧಾನ ಮುರೀತು, ಖರೆ,” ಎಂದು ಅಜ್ಜ ಕೊನೆಗೆ ಹೇಳುತ್ತಿದ್ದ, “ಆದ್ರ ಊಟ ಚಲೋ ಆತು.”

ಮೊದಲು ಕಟ್ಟೆಯ ತುಂಬ ಜನ ಇರುತ್ತಿದ್ದರು. ಆಮೇಲೆ ಆಚೆ ದಡವನ್ನು ನೋಡುವುದೇ ಊರಿಗೆ ಹೆಚ್ಚು ಮಜವಾಯಿತು. ನಾನು ಹಾಸ್ಟೆಲಿಗೆ ಹೋದ ವರ್ಷ ಅಜ್ಜನ ಮುಂದೆ ಉಳಿದವರು ಇಬ್ಬರೇ. ಗೌರವ್ವನಿಗೆ ಕಿವಿ ಕೇಳುತ್ತಿರಲಿಲ್ಲ. ಇನ್ನೊಬ್ಬ ಪ್ರಸಾದದ ಮಂಡಕ್ಕಿಗೆ ಕಾಯುತ್ತಿದ್ದ.

ಇರಲಿ. ಹೊಸ ದೇಶ ಬಂದ ದಿನ ಸಂಜೆಯೇ ತರಬೇತಿ ಮುಗಿಸಿದ ನಾವಿಬ್ಬರೂ ಸೇತುವೆ ದಾಟಬೇಕಿತ್ತು. ಮೊದಲ ಊಟದಲ್ಲಿ ಕೈಗಡದ ಮಾತು ನಡೆಯುವುದು ಪದ್ಧತಿ. ಅವರು ನಮ್ಮಿಂದ ಒಂದನ್ನು ಕೇಳುತ್ತಾರೆ, ನಾವು ಅವರಿಂದ ಒಂದನ್ನು ಕೇಳುತ್ತೇವೆ, ವಸ್ತುವಾಗಬಹುದು, ಮನುಷ್ಯನಾಗಬಹುದು. ವರ್ಷದ ಕೊನೆಗೆ ಕಾಲುವೆಯ ನೀರು ಹರಿಯುವುದನ್ನು ನಿಲ್ಲಿಸಿದರೆ ಅಂದು ಸಂಜೆ ಮಂಜು ಮುಸುಕಿ ಆ ದೇಶ ಹೊರಟುಹೋಗುತ್ತದೆ. ಅಷ್ಟರಲ್ಲಿ ಎರಡೂ ಕೈಗಡಗಳು ತಮ್ಮ ತಮ್ಮ ಮನೆ ಸೇರಬೇಕು. ಒಮ್ಮೆ ನಮ್ಮ ದರ್ಜಿಯನ್ನು ಕೊಟ್ಟಿದ್ದೆವು, ಅವನು ಎಂಟು ಜೇಬಿನ ಕೋಟು ಹಾಕಿಕೊಂಡು ಮರಳಿದ. ಕೊಟ್ಟದ್ದನ್ನು ಮರಳಿ ತರುವುದು ಫೆಲೋಗಳ ಹೊಣೆ. ತರದವರಿಗೆ ನೌಕರಿ ಇಲ್ಲ.

“ಒಂದು ನೆನಪಿಟ್ಕೋರಿ,” ಎಂದು ಅಂಬಾಬಾಯಿ ಮೇಡಂ ಸೇತುವೆಯ ತುದಿಯಲ್ಲಿ ನಿಂತು ಎಚ್ಚರಿಸಿದರು. “ಊಟಕ್ಕ ಕೂತಾಗ ನಮ್ಮ ಊರಿನ ಯಾವುದನ್ನೂ ಹೊಗಳಬ್ಯಾಡ್ರಿ. ನೀವು ಏನನ್ನ ಹೊಗಳ್ತೀರಿ, ಅವರು ಅದನ್ನ ಕೇಳ್ತಾರ. ದಸ್ತಗೀರ, ಇದು ನಿನಗ ಹೇಳಾಕತ್ತಿದ್ದು.”

“ನಾ ಬಾಯಿನ ತಗ್ಯೂದಿಲ್ಲ ಬಿಡ್ರಿ ಮೇಡಂ,” ಎಂದ ದಸ್ತಗೀರ.

ಆಚೆಯವರು ನಮ್ಮನ್ನು ಎದುರುಗೊಂಡರು. ಮುಂದೆ ನಿಂತಿದ್ದ ಹಿರಿಯಾಕೆಯ ಹೆಸರು ಸೋಯಿ. ಆಕೆ ಕೈಮುಗಿದು, ತುಂಬ ವಿನಯದಿಂದ, “ಎಲ್ಲಿ ಹಾಳಾಗಿ ಹೋಗಿದ್ರಿ ಇಷ್ಟೊತ್ತು?” ಎಂದಳು. ಅದು ನಮ್ಮವ್ವ ಮುಂಜಾನೆ ಬೆಕ್ಕಿಗೆ ಹೇಳಿದ ಮಾತು. ಒಂದು ದಿನ ಬೆಂಚಿನ ಮೇಲೆ ಕೂತು ಕೇಳಿಯೇ ಆ ಜನ ನಮ್ಮ ಮಾತನ್ನು ಮುಕ್ಕಾಲು ಕಲಿತಿದ್ದರು.

ಊಟಕ್ಕೆ ಕೂತೆವು. ಎಲ್ಲರೂ ನಮ್ಮ ಕಡೆ ಕಿವಿ ಚಾಚಿದ್ದರು. ದಸ್ತಗೀರ ಮಾತು ಶುರು ಮಾಡಿದ. ಅವರು ಎಷ್ಟು ಚೆನ್ನಾಗಿ ಕೇಳಿದರೆಂದರೆ, ಅವನು ತನ್ನ ಬಾಲ್ಯ ಮುಗಿಸಿ, ಹೈಸ್ಕೂಲು ಮುಗಿಸಿ, ತನ್ನ ಸೋದರಮಾವನ ಮೂರೂ ಮದುವೆ ಮುಗಿಸಿದ. ಪಾಯಸ ಬರುವ ಹೊತ್ತಿಗೆ ದಸ್ತಗೀರನ ಹತ್ತಿರ ಮಾತು ಖಾಲಿಯಾಯಿತು. ಇಂಥದ್ದನ್ನು ನಾನು ಅಂದೇ ಮೊದಲು ಕಂಡದ್ದು. ಅವನು ಬೆವರು ಒರೆಸಿಕೊಳ್ಳುತ್ತ, “ಏ ನೀಲಾ, ಒಂದು ಪದ್ಯರ ಹೇಳಬೇ, ಮರ್ಯಾದಿ ಹೋಗ್ತೈತಿ,” ಎಂದು ಪಿಸುಗುಟ್ಟಿದ.

ನನಗೆ ಕಂಠವಿಲ್ಲ. ಆದರೂ ಅಜ್ಜನಿಂದ ಕೇಳಿದ ಒಂದನ್ನು ಮನಸ್ಸಿನಲ್ಲಿ ಅವನಿಗೆ ನಮಸ್ಕರಿಸಿ ಹೇಳಿದೆ. ಮುಗಿದ ಮೇಲೆ ಬಹಳ ಹೊತ್ತು ಯಾರೂ ಪಾಯಸ ಮುಟ್ಟಲಿಲ್ಲ. ಸೋಯಿ ಕಣ್ಣು ಮುಚ್ಚಿಕೊಂಡಿದ್ದಳು.

ಮತ್ತೆ ಮಾತು ಸಿಕ್ಕಿದ ಖುಷಿಯಲ್ಲಿ ದಸ್ತಗೀರ, “ಇದೇನ್ರೀ, ಇದೇನೂ ಅಲ್ಲ,” ಎಂದ. “ಇಕಿ ಅಜ್ಜನ್ನ ಕೇಳಬೇಕು ನೀವು. ಆ ಕಡೆ ಮೂಡಿದ ಚಂದ್ರ ಈ ಕಡೆ ಮುಳುಗಿದ್ರೂ ಬಾಯಿ ಮುಚ್ಚೂದಿಲ್ಲ ಆ ಮುತ್ಯಾ.”

ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ. ತಡವಾಗಿತ್ತು. ಸೋಯಿ ಕಣ್ಣು ತೆರೆದು ಕೈಗಡಕ್ಕೆ ಅಜ್ಜನನ್ನೇ ಕೇಳಿದಳು.

ಅಂಬಾಬಾಯಿ ಮೇಡಂ ವಿಷಯ ಕೇಳಿ ಕುರ್ಚಿಯಲ್ಲಿ ಕೂತರು. “ನಮ್ಮ ಒಲಿ ಹೊಗಳಿದ್ರ ಒಲಿ ಹೋಗ್ತಿತ್ತು. ಕತ್ತೆ ಹೊಗಳಿದ್ರ ಕತ್ತೆ ಹೋಗ್ತಿತ್ತು. ಹೋಗಿ ಹೋಗಿ ಮುದುಕನ್ನ ಹೊಗಳಿದ್ಯೇನೋ?” ಎಂದರು. ಆದರೆ ಊರಿಗೆ ಆ ದೇಶದ ಕಿವಿ ಡಾಕ್ಟರು ಬೇಕಿದ್ದ. ಅಲ್ಲಿನ ಕಿವಿ ಡಾಕ್ಟರು ಎಂದರೆ ಹೇಗಿರಬಹುದು ನೀವೇ ಯೋಚಿಸಿ. ಅಜ್ಜ ಒಪ್ಪಿದರೆ ಮಾತ್ರ ಕೊಡೋಣ ಎಂದು ತೀರ್ಮಾನವಾಯಿತು.

ಅಜ್ಜ ಒಪ್ಪುವುದಿಲ್ಲ ಎಂದು ಅವ್ವ, ನಾನು ಇಬ್ಬರೂ ಧೈರ್ಯವಾಗಿದ್ದೆವು. ನಾನು ವಿಷಯ ಹೇಳಿದಾಗ ಅವನು ಗಿಂಡಿಯಿಂದ ನೀರು ಕುಡಿಯುತ್ತಿದ್ದ. ಗಿಂಡಿ ಕೆಳಗಿಟ್ಟು, “ಎಷ್ಟ ಮಂದಿ ಬರ್ತಾರಂತ?” ಎಂದ.

“ಬೆಂಚು ಎಷ್ಟವ ಅಷ್ಟು ಬೆಂಚಿನ ಮಂದಿ,” ಎಂದೆ.

“ಅವರಿಗೆ ತಿಳೀತದೇನು?”

“ಪೂರ್ತಿ ಇಲ್ಲ ಅಜ್ಜಾ.”

“ತಿಳೀದಿದ್ರ ನಡುವ ಎದ್ದು ಹೋಗ್ತಾರೇನು?”

“ಎದ್ದು ಹೋಗೂ ಪೈಕಿ ಅಲ್ಲ.”

ಅಜ್ಜ ಎದ್ದು ಗೂಟದಿಂದ ಶಾಲು ತೆಗೆದುಕೊಂಡ. ಅವ್ವ ಅಡುಗೆಮನೆಯಿಂದ ಬಂದಳು. “ಮಾವಾ, ಈ ವಯಸ್ಸಿನ್ಯಾಗ ಎಲ್ಲಿ ಹೊಂಟ್ರಿ? ಅವರ ಉಪ್ಪು ಹೆಂಗೈತೋ ಏನೋ, ನಿಮಗ ಮೊದಲ ಹೊಟ್ಟಿ ತ್ರಾಸು.”

“ವಿಭೂತಿ ಗಟ್ಟಿ ನಾಕು ಕಟ್ಟಿಡವಾ,” ಎಂದ ಅಜ್ಜ. “ಉಪ್ಪಿನ ಕಥಿ ಆಮ್ಯಾಲ ನೋಡೂಣು.”

ಹೀಗೆ ಅಜ್ಜ ಎದೆಯ ಮೇಲೆ ಲಿಂಗದ ಕರಡಿಗೆ, ಬಗಲಲ್ಲಿ ಶಾಲು, ವಿಭೂತಿಯ ಗಂಟು, ಇಷ್ಟನ್ನೇ ಹಿಡಿದು ಸೇತುವೆ ದಾಟಿದ. ಕಿವಿ ಡಾಕ್ಟರು ಈಚೆ ಬಂದ. ಅವ್ವ ಸೇತುವೆಯ ತುದಿಯಲ್ಲಿ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದಳು. “ನೀರು ನಿಲ್ಲೂದ್ರಾಗ ಅವರ್ನ ಕರಕೊಂಡ ಬಾ. ನೌಕರಿ ಹಾಳಾಗ್ಲಿ. ಮಾವಾರ ಹೆಸರನ್ನ ನಾ ಸೋಮವಾರ ಮಠದಾಗ ಕೇಳಲಾರೆ.”

ಆ ವರ್ಷ ಚೆನ್ನಾಗಿಯೇ ಹೋಯಿತು. ದಸ್ತಗೀರನಿಗೆ ವ್ಯಾಪಾರದ ವಿಭಾಗ, ನನಗೆ ಕೈಗಡದ ವಿಭಾಗ ಸಿಕ್ಕಿತು. ಹಗಲು ಆಚೆಯವರ ದೂರುಗಳನ್ನು ಕೇಳುತ್ತಿದ್ದೆ. ಅವರ ದೂರೆಲ್ಲ ಒಂದೇ: ನಮ್ಮ ಊರಿನವರು ಮಧ್ಯಾಹ್ನ ಮಲಗಿಬಿಡುತ್ತಾರೆ, ಕೇಳುವುದಕ್ಕೆ ಏನೂ ಇರುವುದಿಲ್ಲ. ಈಚೆ ಡಾಕ್ಟರು ಊರಿನ ಕಿವಿಗಳನ್ನು ಒಂದೊಂದಾಗಿ ತೆರೆದ. ಕೆಲವು ಮನೆಗಳಲ್ಲಿ ಇದರಿಂದ ಜಗಳ ಹೆಚ್ಚಾಯಿತು. ಗೌರವ್ವನಿಗೂ ಕಿವಿ ಬಂತು. “ಈಗ ಕೇಳಸ್ತದ, ಹೇಳಾಂವ ಇಲ್ಲ,” ಎಂದು ಆಕೆ ಖಾಲಿ ಕಟ್ಟೆಯ ಮುಂದೆ ಕೂತು ಅಂಬಾಬಾಯಿ ಮೇಡಂ ಅವರಿಗೆ ತಕರಾರು ಮಾಡಿದಳು.

ಸಂಜೆ ನಾನು ಹಿಂದಿನ ಬೆಂಚಿನಲ್ಲಿ ಕೂತು ಅಜ್ಜನನ್ನು ಕೇಳುತ್ತಿದ್ದೆ. ಮುಂದೆ ಆ ಜನರ ತಲೆಗಳು, ಬೆಳೆ ನಿಂತ ಹಾಗೆ ನಿಶ್ಚಲ. ಅಜ್ಜ ಮೊದಲ ತಿಂಗಳು ನಮಗೆಲ್ಲ ಗೊತ್ತಿದ್ದ ಭಾಗಗಳನ್ನು ಹೇಳಿದ. ದೇವರು ದೂತನಾಗಿ ಹೋಗುವ ಕಡೆ ಸೋಯಿ ನಕ್ಕಳು. ನಗುವ ಜಾಗದಲ್ಲೇ ನಕ್ಕಳು. ಆಮೇಲೆ ಒಂದು ಸಂಜೆ ಅಜ್ಜ ಎತ್ತಿಕೊಂಡ ಪದ್ಯ ನನಗೆ ಗೊತ್ತಿರಲಿಲ್ಲ. ಮರುದಿನದ್ದೂ ಗೊತ್ತಿರಲಿಲ್ಲ. ವಾರಗಟ್ಟಲೆ ಹೀಗೇ ನಡೆಯಿತು. ನನ್ನ ಅಜ್ಜನ ಗಂಟಲೊಳಗೆ ನಾನು ಕಾಣದ ಓಣಿಗಳು, ಬಾವಿಗಳು, ದೇವರುಗಳು ಇದ್ದವು.

“ಇವನ್ನೆಲ್ಲ ಊರಾಗ ಯಾಕ ಹೇಳಲಿಲ್ಲ ಅಜ್ಜಾ?” ಎಂದು ಊಟದ ಹೊತ್ತಿನಲ್ಲಿ ಕೇಳಿದೆ.

“ಇವು ನಿಧಾನದ ಪದ್ಯ. ಅಲ್ಲಿ ಇಷ್ಟೊತ್ತು ಯಾರು ಕೂಡ್ತಿದ್ರು?” ಎಂದ. ಅವನ ಮಾತಿನಲ್ಲಿ ಬೇಸರ ಇರಲಿಲ್ಲ. “ನೀ ಸಣ್ಣಾಕಿದ್ದಿ, ನಿದ್ದಿ ಬರ್ತಿತ್ತು. ಆಮ್ಯಾಲ ನಿನಗ ಪರೀಕ್ಷಾ ಬಂದ್ವು.”

ಅವನು ಅಲ್ಲಿ ದಪ್ಪಗಾದ. ಅಲ್ಲಿನ ಉಪ್ಪು ಅವನಿಗೆ ಒಗ್ಗಿತು. ಸೋಯಿ ದಿನಾ ಅವನಿಗಾಗಿ ಬಿಸಿನೀರು ಕಾಯಿಸಿ, “ಸುಡುಗಾಡು ನೀರು ಕಾದೈತಿ, ಏಳ್ರಿ,” ಎಂದು ಭಕ್ತಿಯಿಂದ ಕರೆಯುತ್ತಿದ್ದಳು. ಅದೂ ನಮ್ಮವ್ವನ ಮಾತೇ.

ದೀಪಾವಳಿ ಬಂತು, ಹೋಯಿತು. ಒಂದು ಮಧ್ಯಾಹ್ನ ದಸ್ತಗೀರ ಓಡಿ ಬಂದ. “ನೀಲಾ, ನೀರು ನಿಂತೈತಿ. ಡಾಕ್ಟರ್ ಆಗಲೇ ಸೇತುವಿ ದಾಟಿದ್ರು, ಉಪ್ಪಿನಕಾಯಿ ಭರಣಿ ಹಿಡಕೊಂಡು. ಮುತ್ಯಾನ್ನ ಎಬ್ಬಿಸು. ನಾ ಸೇತುವಿ ಮ್ಯಾಲ ನಿಂತಿರ್ತೀನಿ.”

ನಾನು ಹೋದಾಗ ಅಜ್ಜ ಬೆಂಚಿನ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ. ಎದುರಿಗೆ ಜನ ಆಗಲೇ ನೆರೆದಿದ್ದರು. ಅವರಿಗೂ ನೀರು ನಿಂತದ್ದು ಗೊತ್ತಿತ್ತು. ನೀರು ನಿಲ್ಲುವ ಸದ್ದನ್ನು ನಮಗಿಂತ ಮೊದಲು ಅವರೇ ಕೇಳಿರಬೇಕು.

ನಾನು ಅಜ್ಜನ ಪಕ್ಕದಲ್ಲಿ ಕೂತೆ. ತರಬೇತಿಯಲ್ಲಿ ಕಲಿತದ್ದೆಲ್ಲ ನೆನಪಿಗೆ ತಂದುಕೊಂಡೆ. ಮೊದಲು ಎದುರಿನವರ ಸಾಧನೆಯನ್ನು ಗುರುತಿಸಬೇಕು. “ಅಜ್ಜಾ, ನೀ ಈ ವರ್ಷ ಮಾಡಿದ್ದನ್ನ ಯಾವ ರಾಯಭಾರಿನೂ ಮಾಡಿಲ್ಲ,” ಎಂದೆ.

“ಇದು ಎಷ್ಟನೇ ಪಾಠ?” ಎಂದ ಅಜ್ಜ ಅಡಿಕೆಯಿಂದ ಕಣ್ಣೆತ್ತದೆ.

ಎರಡನೆಯದಾಗಿ ಮನೆಯ ಅನುಕೂಲಗಳನ್ನು ಹೇಳಬೇಕು. “ಗೌರವ್ವಗ ಈಗ ಕಿವಿ ಕೇಳಸ್ತಾವ. ದಿನಾ ಕಟ್ಟಿ ಮ್ಯಾಲ ಬಂದು ಕೂಡ್ತಾಳಂತ.”

“ಅಯ್ಯ, ಆಕಿ ಕಿವಿ ಕೇಳದಿದ್ದಕ್ಕ ದಿನಾ ಬರ್ತಿದ್ಲು. ಈಗ ನನ್ನ ದನಿ ಕೇಳಿದ್ರ ಮರುದಿನ ಬರೂದಿಲ್ಲ.”

ಮೂರನೆಯದು ರಿಯಾಯಿತಿ. “ನಾನೂ ಬರ್ತೀನಿ. ಸಂಜಿಗೆ ಆಫೀಸಿನಿಂದ ಸೀದಾ ಕಟ್ಟಿಗೆ. ದಸ್ತಗೀರನೂ ಬರ್ತಾನ. ಮೇಡಂ ಬರ್ತಾರ. ನಿಧಾನದ ಪದ್ಯ ಎಲ್ಲಾ ಹೇಳು, ನಾವು ಏಳೂದಿಲ್ಲ.”

ಅಜ್ಜ ಅಡಕೊತ್ತು ಮಡಚಿದ. ನನ್ನ ಕಡೆ ತಿರುಗಿ ಕೆನ್ನೆ ಮುಟ್ಟಿದ. ಬೆರಳಲ್ಲಿ ವಿಭೂತಿಯ ವಾಸನೆ ಇತ್ತು. “ನೀ ಬರ್ತಿ. ಎರಡು ದಿನ ಬರ್ತಿ. ಮೂರನೇ ದಿನ ಕಾಲುವಿ ಆಚೆ ಹೊಸಾ ದೇಶದಾಗ ನಿನಗ ಕೆಲಸ ಇರ್ತದ. ಇರಲೇಬೇಕು, ಅದಕ್ಕಲ್ಲೇನು ನೀ ಓದಿದ್ದು? ಇಲ್ಲಿ ನಾ ಕಥಿ ನಡುವ ಅದೀನಿ, ನೀಲಾ. ರಾಜನ ಮಗಳು ಇನ್ನೂ ಬಾವ್ಯಾಗ ಅದಾಳ. ಇಷ್ಟು ಮಂದಿ ಆಕಿ ಮ್ಯಾಲ ಬರಲಿ ಅಂತ ಕುಂತಾರ. ಹೆಂಗ ಏಳಲಿ?”

“ಅವ್ವಗ ಏನು ಹೇಳಲಿ ನಾನು?”

“ಸೋಮವಾರ ಹೆಸರು ಕರದಾಗ ಒಂದು ತಾಟು ಹೆಚ್ಚಿಗಿ ಇಡು ಅನ್ನು. ಆಕಿ ಅಳ್ತಾಳ, ಆಮ್ಯಾಲ ಬಯ್ತಾಳ. ಬೈದ ಮ್ಯಾಲ ಆರಾಮಾಗ್ತಾಳ.”

ಸೇತುವೆಯ ಕಡೆಯಿಂದ ದಸ್ತಗೀರ ನನ್ನ ಹೆಸರು ಹಿಡಿದು ಕೂಗುತ್ತಿದ್ದ. ಬೆಂಚಿನ ಮೇಲಿದ್ದ ಅಷ್ಟೂ ಜನ ಆ ಕೂಗನ್ನೂ ಆಸಕ್ತಿಯಿಂದ ಕೇಳಿದರು. ಕಾಲುವೆಯ ಮೇಲೆ ಮಂಜು ಎಳೆ ಎಳೆಯಾಗಿ ಏಳುತ್ತಿತ್ತು. ಸೋಯಿ ಎದ್ದು ಬಂದು ಅಜ್ಜನ ಹೆಗಲಿಗೆ ಶಾಲು ಹೊದಿಸಿ, ನನ್ನನ್ನು ನೋಡಲಾರದೆ ಮತ್ತೆ ಹೋಗಿ ಕೂತಳು.

ನನ್ನ ಹತ್ತಿರ ಪಾಠಗಳು ಮುಗಿದಿದ್ದವು. ನೌಕರಿಯ ಯೋಚನೆಯೂ ಆ ಹೊತ್ತಿಗೆ ಇರಲಿಲ್ಲ. ಬಾವಿಯೊಳಗಿನ ಆ ಹುಡುಗಿ ಮೇಲೆ ಬರುವುದನ್ನು ಕೇಳದೆ ನಾನು ಮುಂದೆ ಹೇಗೆ ಬದುಕಲಿ ಎಂಬುದೊಂದೇ ಇತ್ತು. ಅಜ್ಜನ ಪಾದ ಮುಟ್ಟಿ ಹೇಳಿದೆ, “ಹಂಗಾದ್ರ ನಾನೂ ಇಲ್ಲೇ ಉಳೀತೀನಿ ಅಜ್ಜಾ. ಹಿಂದಿನ ಬೆಂಚಿನ್ಯಾಗ ಕೂಡ್ತೀನಿ. ಈಗ ನಿದ್ದಿ ಬರೂದಿಲ್ಲ ನನಗ. ಇರು ಅಂತ ಒಂದು ಮಾತು ಅನ್ನು.”

ಅಜ್ಜ ನನ್ನ ಕೈಯನ್ನು ತನ್ನ ಪಾದದಿಂದ ಎತ್ತಿ ನನ್ನ ಮಡಿಲಲ್ಲೇ ಇಟ್ಟ.

“ಅನ್ನೂದಿಲ್ಲ,” ಎಂದ. “ಏಳು, ನಡಿ.”